ಸಾಲಕ್ಕೆ ಆಳನ್ನು ಕಟ್ಟುವಂತಿಲ್ಲ
ನೈಜೀರಿಯಾದ ಜೇಟಾ ಅಮಾಟಾ 2006ರಲ್ಲಿ ‘ದಿ ಅಮೇಜಿಂಗ್ ಗ್ರೇಸ್’ ಅಂತ ಒಂದು ಸಿನಿಮಾ ಮಾಡಿದರು. ಮನುಷ್ಯರನ್ನು ಹಡಗಿಗೆ ತುಂಬಿ ಮಾರುತ್ತಿದ್ದ ಕಾಲದ ಕಥೆ. ನೋಡುತ್ತಾ ನೋಡುತ್ತಾ ನಮ್ಮ ಜೀತ ನೆನಪಾಗುತ್ತೆ. ‘ಚೋಮನ ದುಡಿ’ ಸಿನಿಮಾದಲ್ಲಿ ಸಾಲ ತೀರಿಸೋಕೆ ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗ್ತಾರಲ್ಲ, ಅದೇ. ಆ ಸಿನಿಮಾ ಬಂದ 1975ರಲ್ಲೇ ಜೀತ ರದ್ದಾಯಿತು, 1976ರಲ್ಲಿ ಕಾಯ್ದೆ ಬಂತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಅಣ್ಣಂದಿರೇ, ಅಕ್ಕಂದಿರೇ, ಕೇಳಿ. ಮುಂಗಡ ಕೊಟ್ಟು, ತೀರುವವರೆಗೂ ಬೇರೆ ಕಡೆ ಹೋಗಬೇಡ ಅಂದರೆ ಅದೂ ಜೀತವೇ. ಆ ಸಾಲ ಕಾನೂನಿನಲ್ಲಿ ಅಳಿದುಹೋಗಿದೆ, ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ. ವಸೂಲಿ ಮಾಡಿದವರಿಗೆ 3 ವರ್ಷದವರೆಗೂ ಜೈಲು. ನಿಮ್ಮ ತಾಲ್ಲೂಕಲ್ಲೇ ಹೀಗಾದರೆ ಹುಣಸೂರಿನ ಉಪವಿಭಾಗಾಧಿಕಾರಿ ಕಚೇರಿಗೆ ದೂರು ಕೊಡಿ, ಬಿಡುಗಡೆ ಪತ್ರ ಕೇಳಿ ಪಡೆಯಿರಿ.