ಮನೆಯ ಆಸ್ತಿ ತೆರಿಗೆ: ಸ್ವಯಂ ಘೋಷಣೆ ಹಾಗೂ ಪಾವತಿಯ ಕುರಿತು ಸಾರ್ವಜನಿಕರಿಗೆ ಮಾಹಿತಿ

ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆಗಳು ಹಾಗೂ ಶಿರಹಟ್ಟಿ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಮನೆ ಮತ್ತು ನಿವೇಶನಗಳಿಗೆ ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಅನ್ವಯ ಆಸ್ತಿ ತೆರಿಗೆ ವಿಧಿಸಲಾಗುತ್ತದೆ. ಈ ಗಡಿಗಳ ಹೊರಗಿರುವ ಮನೆಗಳ ತೆರಿಗೆಯನ್ನು ಆಯಾ ಗ್ರಾಮ ಪಂಚಾಯಿತಿಗೆ ಪಾವತಿಸತಕ್ಕದ್ದು.

2002ರ ಏಪ್ರಿಲ್ 1ಕ್ಕಿಂತ ಮುಂಚೆ ಮನೆಗೆ ಬರಬಹುದಾದ ವಾರ್ಷಿಕ ಬಾಡಿಗೆಯನ್ನು ಕಚೇರಿಯೇ ಅಂದಾಜಿಸಿ ತೆರಿಗೆ ನಿಗದಿಪಡಿಸುತ್ತಿತ್ತು. ಆ ದಿನಾಂಕದಿಂದ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಜಾರಿಗೆ ಬಂದಿದ್ದು, ಆಸ್ತಿಯ ವಿವರಗಳನ್ನು ಮಾಲೀಕರೇ ಘೋಷಿಸಬೇಕಾಗಿರುತ್ತದೆ. ಆದಾಗ್ಯೂ ಹಿಂದಿನ ವರ್ಷದ ರಸೀದಿಯನ್ನು ತೋರಿಸಿ ಅಷ್ಟೇ ಮೊತ್ತವನ್ನು ತುಂಬಿಸಿಕೊಳ್ಳುವಂತೆ ಕೇಳುವುದು ಇಂದಿಗೂ ರೂಢಿಯಲ್ಲಿದೆ. ಇದು ಸರಿಯಲ್ಲ. ಚಲನ್‌ನಲ್ಲಿ ಮುದ್ರಿತವಾಗುವ ಮೊತ್ತವು ಮಾಲೀಕರು ನೀಡಿದ ವಿವರಗಳಷ್ಟೇ ನಿಖರವಾಗಿರುತ್ತದೆ.

ತೆರಿಗೆಯನ್ನು ಆಸ್ತಿಯ ಮೂಲಧನ ಮೌಲ್ಯದ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ನಿವೇಶನಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿರುವ ಮಾರ್ಗಸೂಚಿ ಬೆಲೆ ಆಧಾರವಾದರೆ, ಕಟ್ಟಡಕ್ಕೆ ಅದರ ವಿಸ್ತೀರ್ಣ, ನಿರ್ಮಾಣದ ಬಗೆ, ವಯಸ್ಸು ಮತ್ತು ಬಳಕೆ ಆಧಾರವಾಗಿರುತ್ತವೆ. ಕಟ್ಟಡ ಹಳೆಯದಾದಂತೆ ಸವಕಳಿಯನ್ನು ಕಳೆಯಲಾಗುತ್ತದೆ. ಆದುದರಿಂದ ಹಳೆಯ ಮಣ್ಣಿನ ಮಾಳಿಗೆ ಮನೆಯು ದಾಖಲೆಯಲ್ಲಿ ಆರ್.ಸಿ.ಸಿ. ಕಟ್ಟಡವೆಂದು ನಮೂದಾಗಿದ್ದಲ್ಲಿ ಮಾಲೀಕರು ಪ್ರತಿ ವರ್ಷವೂ ಹೆಚ್ಚು ತೆರಿಗೆ ತೆರುತ್ತಾರೆ. ಅದೇ ಮನೆಯ ಮುಂಭಾಗವನ್ನು ಅಂಗಡಿಗೆ ಬಾಡಿಗೆ ಕೊಟ್ಟು, ಇಡೀ ಕಟ್ಟಡವನ್ನು ವಾಸದ ಮನೆಯೆಂದು ಘೋಷಿಸಿದ್ದಲ್ಲಿ ಕಡಿಮೆ ತೆರುತ್ತಾರೆ. ಪರಿಶೀಲನೆಯಲ್ಲಿ ಇದು ಕಂಡುಬಂದರೆ ವ್ಯತ್ಯಾಸದ ಮೊತ್ತವನ್ನು ದಂಡಸಹಿತ ವಸೂಲು ಮಾಡಲು ಅವಕಾಶವಿರುತ್ತದೆ. ಬೆಟಗೇರಿಯಲ್ಲಿ ವಾಸ ಮತ್ತು ಮಗ್ಗ ಒಂದೇ ಸೂರಿನಡಿ ಇರುವ ಮನೆಗಳಿವೆ. ಅಂತಹ ಮನೆಗಳ ಮಾಲೀಕರು ವಾಸದ ಭಾಗ ಮತ್ತು ಉದ್ಯೋಗದ ಭಾಗಗಳ ಅಳತೆಯನ್ನು ಪ್ರತ್ಯೇಕವಾಗಿ ನಮೂದಿಸುವುದು ಅವಶ್ಯಕ. ಟೇಪು ಹಿಡಿದು ಒಮ್ಮೆ ಅಳೆಯಲು ಅರ್ಧ ಗಂಟೆ ಸಾಕು.

ಚಲನ್‌ನಲ್ಲಿ ತೆರಿಗೆಯೊಂದಿಗೆ ಆರೋಗ್ಯ ಉಪಕರ, ಗ್ರಂಥಾಲಯ ಉಪಕರ ಮತ್ತು ಭಿಕ್ಷುಕರ ಉಪಕರಗಳೂ ಸೇರಿರುತ್ತವೆ. ಇವುಗಳನ್ನು ಕಂಡು ತೆರಿಗೆಯೇ ಏರಿದೆ ಎಂದು ಭಾವಿಸುವವರಿದ್ದಾರೆ. ಪ್ರತಿ ಬಾಬತ್ತನ್ನೂ ಪ್ರತ್ಯೇಕವಾಗಿ ಓದಿಕೊಳ್ಳಬೇಕು.

ತೆರಿಗೆ ವರ್ಷವು ಏಪ್ರಿಲ್ 1ರಂದು ಆರಂಭವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಪೂರ್ಣ ತೆರಿಗೆ ಪಾವತಿಸಿದವರಿಗೆ ಶೇ. 5ರಷ್ಟು ರಿಯಾಯಿತಿ ಇರುತ್ತದೆ. ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ತಿಂಗಳಿಗೆ ಶೇ. 2ರಂತೆ ದಂಡ ಸೇರುತ್ತದೆ. ಉದಾಹರಣೆಗೆ, ಉಪಕರಗಳನ್ನು ಬಿಟ್ಟು ರೂ. 2,000 ತೆರಿಗೆಯಿದ್ದಲ್ಲಿ ಏಪ್ರಿಲ್‌ನಲ್ಲಿ ರೂ. 100 ಉಳಿತಾಯವಾಗುತ್ತದೆ. ಮಾರ್ಚ್ ಅಂತ್ಯದವರೆಗೆ ಬಿಟ್ಟಲ್ಲಿ ಒಂಬತ್ತು ತಿಂಗಳ ದಂಡ ರೂ. 360 ಆಗುತ್ತದೆ. ಕೆಲವು ವರ್ಷಗಳಲ್ಲಿ ಸರ್ಕಾರವು ರಿಯಾಯಿತಿ ಅವಧಿಯನ್ನು ವಿಸ್ತರಿಸಿದ್ದುಂಟು. ಅದು ಆಯಾ ವರ್ಷದ ಆದೇಶಕ್ಕೆ ಸೀಮಿತವಾದುದರಿಂದ ಅದನ್ನು ನಂಬಿ ಕಾಯುವುದು ಉಚಿತವಲ್ಲ.

ತೆರಿಗೆ ರಸೀದಿಯು ಮಾಲೀಕತ್ವದ ಪತ್ರವಲ್ಲ. ಅನಧಿಕೃತ ಕಟ್ಟಡಕ್ಕೂ ತೆರಿಗೆ ವಿಧಿಸಲಾಗುತ್ತದೆ, ಆದರೆ ಅದರಿಂದ ಕಟ್ಟಡವು ಸಕ್ರಮವಾಗುವುದಿಲ್ಲ. ತಂದೆ ತೀರಿಕೊಂಡ ಬಳಿಕ ಮಕ್ಕಳು ಹಲವು ವರ್ಷ ತಂದೆಯ ಹೆಸರಿನಲ್ಲಿಯೇ ತೆರಿಗೆ ತುಂಬುತ್ತಾ ಬಂದು, ಎಲ್ಲವೂ ಸರಿಯಾಗಿದೆ ಎಂದು ನಂಬಿರುವ ಪ್ರಕರಣಗಳು ಹೆಚ್ಚು. ಮನೆ ಮಾರುವಾಗ ಅಥವಾ ಸಾಲಕ್ಕೆ ಅರ್ಜಿ ಹಾಕಿದಾಗ ಮಾತ್ರ ತೊಡಕು ತಿಳಿಯುತ್ತದೆ, ಅಷ್ಟರಲ್ಲಿ ವಾರಸುದಾರರು ಬೇರೆ ಬೇರೆ ಊರುಗಳಲ್ಲಿರುತ್ತಾರೆ. ಈಗ ಮಾರಾಟದ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದ್ದು, ಅದು ಮೃತರ ಹೆಸರಿನಲ್ಲಿದ್ದರೆ ಪ್ರಯೋಜನವಾಗದು. ಇಂತಹ ಕುಟುಂಬದವರು ಮರಣ ಪ್ರಮಾಣ ಪತ್ರ, ವಂಶಾವಳಿ, ಮೂಲ ಪತ್ರಗಳು ಮತ್ತು ಚಾಲ್ತಿ ವರ್ಷದ ತೆರಿಗೆ ರಸೀದಿಯೊಂದಿಗೆ ತಮ್ಮ ಸ್ಥಳೀಯ ಸಂಸ್ಥೆಯ ಕಂದಾಯ ಶಾಖೆಯಲ್ಲಿ ಖಾತಾ ಬದಲಾವಣೆಗೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಲು ಕೋರಲಾಗಿದೆ.