ಸಂಗೀತ ಆ್ಯಪ್‌ನ ಭಾಷಾ ಆಯ್ಕೆ ಮತ್ತು ಡೌನ್‌ಲೋಡ್ ಪಟ್ಟಿ: ಅತನೂರ ಸೀಮೆಯ ನೆಲೆಯಿಂದ ಒಂದು ವಿವೇಚನೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಅತನೂರ ಭೀಮಾ ಸೀಮೆಯ ಒಂದು ಗ್ರಾಮ. ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿರುವ ಈ ತಾಲೂಕು, ನೆರೆಯ ಆಳಂದ ಮತ್ತು ಜೇವರ್ಗಿ ಭಾಗಗಳೊಡನೆ ಕೂಡಿ, ಬಹುಭಾಷಿಕ ಹಾಡುಗಾರಿಕೆಯ ನೆಲೆಯಾಗಿದೆ. ಏಕತಾರಿಯೊಡನೆ ಹಾಡುವ ಕನ್ನಡ ತತ್ವಪದಗಳು, ದೇವಲ ಗಾಣಗಾಪುರದ ದತ್ತ ಭಕ್ತರ ಮರಾಠಿ ಭಜನೆಗಳು, ದಖನಿ ಉರ್ದುವಿನ ಹಾಡುಗಳು, ತಾಂಡಾಗಳ ಲಂಬಾಣಿ ಪದಗಳು ಇಲ್ಲಿ ಒಂದೇ ಗಾಳಿಯಲ್ಲಿ ಬೆರೆತಿವೆ. ಇಂತಹ ಪರಿಸರದ ಕೇಳುಗನೊಬ್ಬನಿಗೆ ಮೊಬೈಲ್‌ನ ಸಂಗೀತ ಆ್ಯಪ್ ಕೇಳುವ ಮೊದಲ ಪ್ರಶ್ನೆ ‘ನಿಮ್ಮ ಭಾಷೆ ಯಾವುದು?’ ಎಂಬುದು. ಸರಳವೆಂದು ತೋರುವ ಈ ಪ್ರಶ್ನೆಯ ವಿನ್ಯಾಸವು ಯಾವ ಹಾಡು ಯಾರಿಗೆ ದೊರೆಯುತ್ತದೆ, ಯಾವುದು ಮರೆಯಾಗುತ್ತದೆ ಎಂಬುದನ್ನು ಹೇಗೆ ನಿರ್ಧರಿಸುತ್ತದೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಗಮನಿಸಬೇಕಾದುದೇನೆಂದರೆ, ‘ಭಾಷೆ’ ಎಂಬ ಒಂದು ಶಬ್ದದಡಿ ಇಲ್ಲಿ ಎರಡು ಸಂಗತಿಗಳು ಅಡಗಿವೆ. ಒಂದು, ಪರದೆಯ ಮೇಲಿನ ಸೂಚನೆಗಳ ಭಾಷೆ. ಇನ್ನೊಂದು, ಹಾಡಿನ ಭಾಷೆ. ಇವೆರಡೂ ಜೊತೆಯಾಗಿಯೇ ಬರಬೇಕೆಂದಿಲ್ಲ. ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಅದರಲ್ಲಿ ಕನ್ನಡ ಹಾಡುಗಳಿದ್ದವು. ಆದರೆ ಅದರ ಪರದೆಗೆ ಕನ್ನಡ ದೊರೆತದ್ದು 2021ರಲ್ಲಿ, ಇತರ ಹಲವು ಭಾರತೀಯ ಭಾಷೆಗಳ ಜೊತೆಯಲ್ಲಿ. ಕನ್ನಡದಲ್ಲಿ ಓದುವ ಅತನೂರಿನ ಕೇಳುಗನು ಮರಾಠಿ ಅಭಂಗವನ್ನೂ ಕೇಳಬಲ್ಲನು. ಆದುದರಿಂದ ಪರದೆಯ ಭಾಷೆಗೆ ಒಂದೇ ಆಯ್ಕೆ, ಹಾಡಿನ ಭಾಷೆಗೆ ಹಲವು ಆಯ್ಕೆಗಳು ಎಂಬ ಎರಡು ಪ್ರತ್ಯೇಕ ಪಟ್ಟಿಗಳಿರುವುದು ಯುಕ್ತ.

ಪ್ರತಿಯೊಂದು ಭಾಷೆಯ ಹೆಸರನ್ನೂ ಅದರ ಲಿಪಿಯಲ್ಲಿಯೇ ಬರೆಯುವುದು ಎರಡನೆಯ ತತ್ವ. ಕೈತಪ್ಪಿ ಪರದೆಯು ತಿಳಿಯದ ಭಾಷೆಗೆ ಬದಲಾದರೂ ‘ಕನ್ನಡ’ ಎಂಬ ಅಕ್ಷರಗಳು ಕಣ್ಣಿಗೆ ಬಿದ್ದರೆ ಓದುಗನು ಮರಳಿ ಬರಬಲ್ಲನು. ಲಿಪಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಆಂಡ್ರಾಯ್ಡ್ ವ್ಯವಸ್ಥೆಗೆ ಕನ್ನಡದ ಬೆಂಬಲ ದೊರೆತದ್ದು 2012ರ 4.1ನೇ ಆವೃತ್ತಿಯಲ್ಲಿ. ಅಕ್ಷರಗಳು ಮೂಡುವ ತೊಡಕು ನೀಗಿದರೂ ಅವುಗಳಿಗೆ ತಕ್ಕಷ್ಟು ಜಾಗ ಒದಗಬೇಕು. ರೋಮನ್ ಅಕ್ಷರಗಳಿಗೆಂದು ಅಳೆದ ಗುಂಡಿಯಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಹೀಗಾಗಿ ಸಾಲಿನ ಎತ್ತರವನ್ನು ಹೆಚ್ಚಿಸಿಯೇ ಪಟ್ಟಿಯನ್ನು ರೂಪಿಸಬೇಕು.

ಹೆಚ್ಚು ಗಂಭೀರವಾದ ಪ್ರಶ್ನೆ, ಹಾಡಿಗೆ ಭಾಷೆಯ ಚೀಟಿಯನ್ನು ಅಂಟಿಸುವವರು ಯಾರು ಎಂಬುದು. ಪಟ್ಟಿಯಲ್ಲಿ ‘ಕನ್ನಡ’ವನ್ನು ಆರಿಸಿದಾಗ ಆ ಚೀಟಿಯುಳ್ಳ ಹಾಡುಗಳಷ್ಟೇ ಎದುರಾಗುತ್ತವೆ. ಕಡಕೋಳ ಮಡಿವಾಳಪ್ಪನವರ ಶಿಷ್ಯ ಪರಂಪರೆಯಲ್ಲಿ ಬರುವ ಚನ್ನೂರ ಜಲಾಲಸಾಹೇಬರು ಕನ್ನಡದ ತತ್ವಪದಕಾರರು. ಕರ್ತೃವಿನ ಹೆಸರನ್ನು ನೋಡಿ ಭಾಷೆಯನ್ನು ಊಹಿಸಿದರೆ ಅವರ ಕನ್ನಡ ಪದಗಳು ಉರ್ದುವಿನ ಪಾಲಾಗಿ, ಕನ್ನಡಿಗನ ಹುಡುಕಾಟಕ್ಕೆ ಸಿಗದೆ ಹೋದಾವು. ಮತಭೇದವನ್ನು ಮೀರಿ ಬಾಳಿದ ಪರಂಪರೆಯನ್ನು ಯಂತ್ರದ ಪಟ್ಟಿಯೊಂದು ಹೀಗೆ ಸದ್ದಿಲ್ಲದೆ ಒಡೆಯಬಲ್ಲದು. ಲಂಬಾಣಿಯ ಸ್ಥಿತಿ ಬೇರೊಂದು ಬಗೆಯದು. 2011ರ ಜನಗಣತಿಯು ಲಂಬಾಣಿಯನ್ನು ಹಿಂದಿಯ ಅಡಿಯಲ್ಲಿ ಸೇರಿಸಿ ಎಣಿಸಿತು. ಆ್ಯಪ್‌ನ ಪಟ್ಟಿಯೂ ಇಂತಹ ವರ್ಗೀಕರಣವನ್ನೇ ಅನುಸರಿಸಿದರೆ ತಾಂಡಾದ ಹಾಡಿಗೆ ಸ್ವಂತ ಹೆಸರೇ ಇಲ್ಲವಾಗುತ್ತದೆ. ಹಾಡೊಂದಕ್ಕೆ ಎರಡು ಭಾಷೆಗಳ ಚೀಟಿಯನ್ನು ಕೊಡುವ ಅವಕಾಶ, ಪಟ್ಟಿಯಲ್ಲಿಲ್ಲದ ಭಾಷೆಯನ್ನು ಸೇರಿಸುವ ಅವಕಾಶ ಇವೆರಡೂ ಆವಶ್ಯಕ.

ಇನ್ನು ಡೌನ್‌ಲೋಡ್ ಪಟ್ಟಿಯ ವಿಚಾರ. ಸ್ಮಾರ್ಟ್‌ಫೋನು ಹಳ್ಳಿಗಳಲ್ಲಿ ವ್ಯಾಪಕವಾಗುವ ಮೊದಲು ಮೊಬೈಲ್ ಅಂಗಡಿಯಲ್ಲಿ ಹಣ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ರೂಢಿಯಿತ್ತು. ಹಾಗೆ ತುಂಬಿಸಿದ ಹಾಡು ಕಾರ್ಡು ಕೆಡುವವರೆಗೂ ತಮ್ಮದೆಂಬ ಭಾವನೆ ಜನರಲ್ಲಿ ಬೆಳೆಯಿತು. ಚಂದಾ ಆಧಾರಿತ ಆ್ಯಪ್‌ಗಳ ಡೌನ್‌ಲೋಡ್ ಇಂತಹುದಲ್ಲ. ಹಾಡು ಫೋನಿನಲ್ಲಿದ್ದರೂ ಗೂಢಲಿಪಿಯಲ್ಲಿದ್ದು ಆ ಆ್ಯಪ್‌ನಲ್ಲಿ ಮಾತ್ರ ನುಡಿಯುತ್ತದೆ. ಸ್ಪಾಟಿಫೈನಲ್ಲಿ 30 ದಿನಗಳಿಗೊಮ್ಮೆಯಾದರೂ ಇಂಟರ್‌ನೆಟ್ ಸಂಪರ್ಕಕ್ಕೆ ಬರಬೇಕು. ಚಂದಾ ಮುಗಿದರೆ ಇಳಿಸಿಕೊಂಡ ಹಾಡು ಕೈತಪ್ಪುತ್ತದೆ. ಆ್ಯಪ್‌ಗಳೇ ನಿಂತುಹೋಗುವುದೂ ಉಂಟು: 2014ರಲ್ಲಿ ಆರಂಭವಾದ ವಿಂಕ್ ಮ್ಯೂಸಿಕ್ 2024ರಲ್ಲಿ ಮುಚ್ಚಿತು. ಆದುದರಿಂದ ಡೌನ್‌ಲೋಡ್ ಗುಂಡಿಯ ಬಳಿಯಲ್ಲಿಯೇ ಹಾಡು ಎಷ್ಟು ದಿನ ಉಳಿಯುವುದೆಂಬುದನ್ನು ತಿಳಿಗನ್ನಡದಲ್ಲಿ ಹೇಳುವುದು ನ್ಯಾಯ.

ಗಾತ್ರವನ್ನೂ ಮೊದಲೇ ತಿಳಿಸಬೇಕು. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದಲ್ಲಿ 5 ನಿಮಿಷದ ಹಾಡು ಸುಮಾರು 4.8 ಎಂಬಿ ಆಗುತ್ತದೆ; 320 ಕಿಲೋಬಿಟ್ ಆದರೆ 12 ಎಂಬಿ. ನೂರು ಹಾಡುಗಳಿಗೆ ಇದು 480 ಎಂಬಿ ಮತ್ತು 1200 ಎಂಬಿಗಳ ಅಂತರ. ಆಲಾಪ, ಪುನರುಕ್ತಿಗಳೊಡನೆ 20 ನಿಮಿಷ ಸಾಗುವ ಭಜನೆಯೊಂದು ಕಡಿಮೆ ಗುಣಮಟ್ಟದಲ್ಲಿಯೂ 19 ಎಂಬಿ ಮೀರುತ್ತದೆ. ದಿನದ ಡೇಟಾ ಮಿತಿಯುಳ್ಳ ಕೇಳುಗನಿಗೆ ‘ಉತ್ತಮ’, ‘ಅತ್ಯುತ್ತಮ’ ಎಂಬ ವಿಶೇಷಣಗಳಿಗಿಂತ ಈ ಅಂಕಿಗಳೇ ಉಪಯುಕ್ತ.

ಕೊನೆಯದಾಗಿ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕನ್ನು ಉಲ್ಲೇಖಿಸಬೇಕು. ಪಟ್ಟಿಯ ಮೂರು ಮುಖ್ಯ ಕ್ರಿಯೆಗಳನ್ನು ಅಚ್ಚಗನ್ನಡದಲ್ಲಿ ಬರೆದರೆ ‘ಇಳಿಸು’, ‘ಉಳಿಸು’, ‘ಅಳಿಸು’ ಎಂದಾಗುತ್ತದೆ. ಮೊದಲಕ್ಷರವೊಂದನ್ನು ಬಿಟ್ಟರೆ ಮೂರರ ರೂಪವೂ ಒಂದೇ. ಆದರೆ ಅರ್ಥ ತದ್ವಿರುದ್ಧ. ಸಣ್ಣ ಪರದೆಯಲ್ಲಿ, ಮಬ್ಬುಗಣ್ಣಿನ ಹಿರಿಯರು ಇವನ್ನು ಒಂದರ ಬದಲು ಇನ್ನೊಂದೆಂದು ಓದುವುದು ಸಹಜ. ಜನಬಳಕೆಯ ‘ಡೌನ್‌ಲೋಡ್’ ಎಂಬ ಶಬ್ದವನ್ನೇ ಉಳಿಸಿಕೊಂಡು, ಅಳಿಸುವುದಕ್ಕೆ ‘ತೆಗೆದುಹಾಕು’ ಎಂದು ಬರೆದು, ಎರಡನ್ನೂ ದೂರದೂರವಿಟ್ಟು, ತೆಗೆಯುವ ಮುನ್ನ ಮತ್ತೊಮ್ಮೆ ಕೇಳುವುದು ಸೂಕ್ತ ಪರಿಹಾರ.

ಒಟ್ಟಿನಲ್ಲಿ, ಪರದೆಯ ಪದಗಳನ್ನು ಅನುವಾದಿಸಿದ ಮಾತ್ರಕ್ಕೆ ಆ್ಯಪ್ ಕನ್ನಡದ್ದಾಗುವುದಿಲ್ಲ. ಅತನೂರಿನಂತಹ ಊರಿನ ಕಿವಿಗೆ ಒಗ್ಗುವ ಹಾಡುಗಳು, ಅವು ಯಾವ ಭಾಷೆಯವೇ ಆಗಿರಲಿ, ತಮ್ಮ ನಿಜವಾದ ಹೆಸರಿನಲ್ಲಿ ಸಿಗುವಂತಾದಾಗಲೇ ಭಾಷೆಯ ಆಯ್ಕೆ ಎಂಬ ಮಾತಿಗೆ ಅರ್ಥ ಬರುತ್ತದೆ.