ಬಾಗಿಲು ಕಾಯುವವನನ್ನು ಬದಲಿಸುವ ಬಗೆ

ಕಂಪ್ಯೂಟರಿನ ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆ ಹೆಸರು, ಗುಪ್ತಪದ ಕೇಳುವ ತೆರೆಯೊಂದು ಮೂಡುತ್ತದಷ್ಟೆ. ಲಿನಕ್ಸ್ ಯಂತ್ರಗಳಲ್ಲಿ ಇದನ್ನು ತೋರಿಸುವುದು ಡಿಸ್‌ಪ್ಲೇ ಮ್ಯಾನೇಜರ್ ಎಂಬ ಪ್ರತ್ಯೇಕ ತಂತ್ರಾಂಶ. ಒಬ್ಬ ಕಾವಲುಗಾರ ಒಗ್ಗದಿದ್ದರೆ ಅವನನ್ನು ಬಿಡಿಸಿ ಇನ್ನೊಬ್ಬನನ್ನು ನಿಲ್ಲಿಸಬಹುದು.

ಈ ಕಾವಲುಗಾರರ ಮೂಲಪುರುಷ 1988ರಲ್ಲಿ ಬಂದ ಎಕ್ಸ್‌ಡಿಎಂ. ಮುಂದೆ ಜಿಡಿಎಂ, ಕೆಡಿಎಂ, ಲೈಟ್‌ಡಿಎಂ ಮೊದಲಾದವು ಹುಟ್ಟಿದವು. ಉಬುಂಟು 2011ರಲ್ಲಿ ಜಿಡಿಎಂ ಬಿಟ್ಟು ಲೈಟ್‌ಡಿಎಂ ಹಿಡಿಯಿತು, 2017ರಲ್ಲಿ ಮತ್ತೆ ಜಿಡಿಎಂಗೇ ಮರಳಿತು. ತಂತ್ರಾಂಶ ಲೋಕದಲ್ಲೂ ತವರಿಗೆ ಹೋಗಿಬರುವುದುಂಟು!

ಬದಲಿಸುವ ಗೊಡವೆ ಏಕೆ ಎಂದು ಪೋಷಕರು ಕೇಳಬಹುದು. ಜಿಡಿಎಂ ತನ್ನ ತೆರೆಯನ್ನು ಬಿಡಿಸಲು ಗ್ನೋಮ್ ಶೆಲ್ ಎಂಬ ಭಾರಿ ಸಲಕರಣೆಯನ್ನೇ ಬಳಸುತ್ತದೆ. ಕಡಿಮೆ ಸ್ಮರಣಶಕ್ತಿಯ ಹಳೆಯ ಯಂತ್ರಕ್ಕೆ ಅದು ಹೊರೆ. ಶಾಲೆಗಳಿಗೆ ಸಿಗುವುದು ಎಷ್ಟೋ ವೇಳೆ ಅಂಥ ಯಂತ್ರಗಳೇ. ಅಲ್ಲಿ ಲೈಟ್‌ಡಿಎಂ ಹಗುರ.

ಯಂತ್ರ ಒಂದೇ ಆದರೆ ಕೆಲಸ ಸುಲಭ. ಉಬುಂಟು ಅಥವಾ ಡೆಬಿಯನ್‌ನಲ್ಲಿ ಎರಡನೆಯ ಕಾವಲುಗಾರನನ್ನು ಅನುಸ್ಥಾಪಿಸುವಾಗ 'ಯಾರು ಬೇಕು?' ಎಂಬ ಪ್ರಶ್ನೆ ತೆರೆಯ ಮೇಲೆ ಬರುತ್ತದೆ. ಬಾಣದ ಕೀಲಿಯಿಂದ ಆರಿಸಿ ಎಂಟರ್ ಒತ್ತಿದರಾಯಿತು. ಆದರೆ ಪ್ರಯೋಗಾಲಯದಲ್ಲಿ 30 ಯಂತ್ರಗಳಿದ್ದರೆ? ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದು ಎಲ್ಲದರಲ್ಲೂ ತಾನಾಗಿ ನಡೆಯುವಂತೆ ಮಾಡುವುದೇ ಜಾಣತನ. ತೊಡಕೆಂದರೆ, ಪ್ರಶ್ನೆ ಬಂದೊಡನೆ ಕೆಲಸ ನಿಂತುಬಿಡುತ್ತದೆ. ಉತ್ತರಿಸಲು ಅಲ್ಲಿ ಯಾರೂ ಇಲ್ಲ. 'ಪ್ರಶ್ನೆ ಕೇಳಬೇಡ' ಎಂದು ಆಜ್ಞಾಪಿಸಿದರೋ, ವ್ಯವಸ್ಥೆ ಹಿಂದಿನ ಉತ್ತರವನ್ನೇ ಹಿಡಿಯುತ್ತದೆ. ಹಳೆಯ ಕಾವಲುಗಾರನೇ ಉಳಿಯುತ್ತಾನೆ.

ಇದಕ್ಕೆ ಕಾರಣ ತಿಳಿಯುವುದು ಮುಖ್ಯ. ನಮ್ಮ ಆಯ್ಕೆ ಒಂದೇ ಕಡೆ ದಾಖಲಾಗುವುದಿಲ್ಲ, ಮೂರು ಕಡೆ ದಾಖಲಾಗುತ್ತದೆ. ಇಟಿಸಿ ಕೋಶದೊಳಗಿನ ಎಕ್ಸ್11 ಕೋಶದಲ್ಲಿ ಡಿಫಾಲ್ಟ್-ಡಿಸ್‌ಪ್ಲೇ-ಮ್ಯಾನೇಜರ್ ಎಂಬ ಪುಟ್ಟ ಕಡತವಿದೆ; ಕಾವಲುಗಾರನ ವಿಳಾಸವಾದ ಒಂದೇ ಸಾಲು ಅದರ ಸರ್ವಸ್ವ. ಎರಡನೆಯದು ಡೆಬ್‌ಕಾನ್ಫ್ ಎಂಬ ಪ್ರಶ್ನೋತ್ತರಗಳ ದಫ್ತರು. ಎಲ್ಲ ಕಾವಲುಗಾರರಿಗೂ ಅಲ್ಲಿರುವುದು ಒಂದೇ ಸಾಮಾನ್ಯ ಪ್ರಶ್ನೆ. ಮೂರನೆಯದು ಯಂತ್ರ ಏಳುವಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ಕೊಂಡಿ. ಇವು ಒಂದಕ್ಕೊಂದು ತಾಳೆಯಾಗಬೇಕು. ಲೈಟ್‌ಡಿಎಂ ಏಳುವ ಮುನ್ನ ಆ ಪುಟ್ಟ ಕಡತದಲ್ಲಿ ತನ್ನ ಹೆಸರಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಏಳುವುದೇ ಇಲ್ಲ. ಬೆಳಿಗ್ಗೆ ಮಕ್ಕಳು ಬಂದು ಕೂತರೆ ಹೆಸರು ಕೇಳುವ ತೆರೆಯೇ ಇರದು.

ಆದ್ದರಿಂದ ಆಜ್ಞಾಕಡತದ ಕ್ರಮ ಹೀಗಿರಲಿ: ಪ್ರಶ್ನೆಯಿಲ್ಲದ ವಿಧಾನದಲ್ಲಿ ಲೈಟ್‌ಡಿಎಂ ಅನುಸ್ಥಾಪಿಸಿ, ಪುಟ್ಟ ಕಡತದಲ್ಲಿ ಅದರ ವಿಳಾಸ ಬರೆದು, ದಫ್ತರಿನಲ್ಲಿ ಉತ್ತರ ತಿದ್ದಿ, ಬಳಿಕ ಡಿಪಿಕೆಜಿ-ರೀಕಾನ್ಫಿಗರ್ ಆಜ್ಞೆಯನ್ನು ಅದೇ ವಿಧಾನದಲ್ಲಿ ಓಡಿಸಬೇಕು. ಎರಡೂ ದಾಖಲೆಗಳು ಒಂದೇ ಮಾತು ಹೇಳುವುದರಿಂದ ಕೊಂಡಿಯೂ ಅದರಂತೆ ಬದಲಾಗುತ್ತದೆ. ಕೇಳುವ ಮೊದಲೇ ಉತ್ತರ ಬರೆದಿಡುವುದು ಪರೀಕ್ಷೆಯಲ್ಲಿ ತಪ್ಪು, ಇಲ್ಲಿ ಅದೇ ಸರಿ!

ಇನ್ನೊಂದು ಎಚ್ಚರಿಕೆ. ಬದಲಾವಣೆ ಕೂಡಲೇ ಕಾಣಲಿ ಎಂಬ ಆತುರದಲ್ಲಿ ಡಿಸ್‌ಪ್ಲೇ ಮ್ಯಾನೇಜರನ್ನು ಮರುಪ್ರಾರಂಭಿಸುವ ಆಜ್ಞೆಯನ್ನೂ ಸೇರಿಸಬೇಡಿ. ಯಾರಾದರೂ ಅದರ ಮೂಲಕ ಒಳಹೊಕ್ಕು ಕೆಲಸ ಮಾಡುತ್ತಿದ್ದರೆ ಅವರ ತೆರೆ ಮುಚ್ಚಿ, ಉಳಿಸದ ಬರಹವೆಲ್ಲ ಹೋಗುತ್ತದೆ. ಮುಂದಿನ ಸಲ ಯಂತ್ರ ಹಚ್ಚಿದಾಗ ಹೊಸಬ ತಾನಾಗಿ ಬರುತ್ತಾನೆ.

ಮೊದಲು ಒಂದೇ ಯಂತ್ರದಲ್ಲಿ ನಡೆಸಿ, ಆರಿಸಿ ಹಚ್ಚಿ ನೋಡಿ. ತೆರೆ ಬಾರದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ. ಅಕ್ಷರಗಳಷ್ಟೇ ಇರುವ ಹಿತ್ತಿಲ ಬಾಗಿಲೊಂದು ಸಾಮಾನ್ಯವಾಗಿ ತೆರೆಯುತ್ತದೆ. ಅಲ್ಲಿಂದ ಒಳಹೋಗಿ, ಆ ಪುಟ್ಟ ಕಡತದ ಒಂದು ಸಾಲನ್ನು ಮೊದಲು ಓದಿ ನೋಡಿ.